ಅರ್ಧ ಪರದೆ

ಟೌನ್‌ಹಾಲಿನ ಬಾಲ್ಕನಿಯಲ್ಲಿ ಕಂಬದ ಬದಿಯ ಸೀಟು ನನ್ನದು.
ಕೆಳಗೆ ಐವತ್ತೆರಡು ಮಂದಿ ಕಪ್ಪು ಕೋಟಿನಲ್ಲಿ ಬೆವರುತ್ತ
ಪಿಟೀಲು ಹದ ಮಾಡುತ್ತಿದ್ದಾರೆ,
ಧಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ತಿಕ್ಕಿಕೊಂಡ ಹಾಗೆ ಸದ್ದು.
ಅವರ ತಲೆಯ ಮೇಲೆ ಬಿಳಿ ಪರದೆ.

ಕೊನೆಯ ಸಾಲಿನ ತುದಿಗೆ, ಟ್ಯೂಬಾದ ಹಿತ್ತಾಳೆ ಬಾಯಿಯ ಹಿಂದೆ
ಅರ್ಧ ಮುಖ ಕಾಣುವವ ನನ್ನ ಅಣ್ಣ ಸಿಪ್ರಿ.
ಮುಂಬಯಿಯಿಂದ ಬರಬೇಕಾದವನಿಗೆ ಜ್ವರವಂತೆ,
ಮೂರು ದಿನದ ಹಿಂದೆ ಫೋನು ಬಂತು.
ಜೆಪ್ಪುವಿನ ಬ್ಯಾಂಡಿನಲ್ಲಿ ಮದುವೆಗೂ ಮರಣಕ್ಕೂ
ಒಂದೇ ಕೋಟು ಹಾಕಿ ಊದುವವ
ಇವತ್ತು ಅದಕ್ಕೆ ಇಸ್ತ್ರಿ ಹಾಕಿಸಿದ್ದಾನೆ.

ಈ ಸಿನಿಮಾಗಳಿಗೆ ಬೇರೆ ಹೆಸರುಂಟೆಂದು
ಟಿಕೆಟು ಓದುವವರೆಗೆ ನನಗೆ ಗೊತ್ತಿರಲಿಲ್ಲ.
ನಮಗೆ ಅವು ಹಡಗು, ಹಿಮ, ಬಾಗಿಲು.

ಪಾಗಾರದಾಚೆ ಮೊಯ್ದಿನಬ್ಬರ ಮನೆಗೆ ದಮಾಮಿನಿಂದ ಬಂದಿತ್ತು
ಇಪ್ಪತ್ತೊಂದು ಇಂಚಿನ ಟೀವಿ, ಕೆಳಗೆ ಕ್ಯಾಸೆಟ್ಟು ನುಂಗುವ ಪೆಟ್ಟಿಗೆ.
ಸೊಳ್ಳೆಗೆ ಹೆದರಿ ಆರಕ್ಕೇ ಗಾಜಿನ ಕಿಟಕಿ ಮುಚ್ಚುತ್ತಿದ್ದರು.
ಚಿತ್ರ ಹೊರಗೆ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ.
ನಾವಿಬ್ಬರು ಬಚ್ಚಲಿನ ಸೌದೆ ರಾಶಿಯ ಮೇಲೆ, ಕಾಲು ಕೆರೆಯುತ್ತ.

ಸದ್ದು ಸಿಪ್ರಿಯ ಜವಾಬ್ದಾರಿ.
ಗಾಳಿಗೆ ಹಲ್ಲಿನ ಸಂದಿ. ಅಲೆಗೆ ಕೆನ್ನೆಯೊಳಗಿನ ಉಗುಳು.
ಕುದುರೆ ಓಡಿದರೆ ಎರಡು ಗೆರಟೆ.
ಹುಡುಗಿ ಅತ್ತರೆ ಇಗರ್ಜಿಯ ಹಾಡಿನದ್ದೊಂದು ತುಂಡು, ಮೂಗಿನಿಂದ.
ರಾಕ್ಷಸ ಬಂದಾಗ ಖಾಲಿ ಕೊಡಪಾನಕ್ಕೆ ಬಾಯಿಟ್ಟು ಬೂಂ ಎನ್ನುತ್ತಿದ್ದ.
ಅಮ್ಮ ಒಳಗಿಂದ ಕೊಂಕಣಿಯಲ್ಲಿ ಬೈದದ್ದೂ
ಸಂಗೀತದೊಳಗೆ ಸೇರುತ್ತಿತ್ತು.

ಹಿಮ ಬರುವ ಹೊತ್ತಿಗೆ ಅವರ ಮನೆಗೆ ಹೊಸ ಸೊಸೆ,
ಕಿಟಕಿಗೆ ನೆರಿಗೆಯ ಹೊಸ ಪರದೆ.
ಎಡಗಡೆಯದು ಎಳೆದೇ ಇರುತ್ತಿತ್ತು,
ಬಲಗಡೆಯದ್ದರ ರಿಂಗು ಸಿಕ್ಕಿಕೊಂಡಿತ್ತು.
ಹಾಗಾಗಿ ನಮಗೆ ಸಿಕ್ಕಿದ್ದು ಬಲಗಡೆಯ ಹಿಮ, ಬಲಗಡೆಯ ಗುಡ್ಡ,
ಯಾರೂ ಇಲ್ಲದ ಕಡೆ ತಿರುಗಿ ಮಾತಾಡುವ ಹುಡುಗಿ.
ರೊಟ್ಟಿ ಮುರಿದು ನೆರಿಗೆಗೆ ಕೊಡುತ್ತಿದ್ದಳು.
"ಅವಳಿಗೆ ತಲೆ ಸರಿ ಇಲ್ಲ," ನಾನು.
"ಒಬ್ಬಳೇ ಇದ್ದರೆ ಹಾಗೆ ಆಗ್ತದೆ, ಸುಮ್ಮನಿರು," ಅವನು.
ಒಬ್ಬಳೇ ಇರುವವಳಿಗೆ ಅವನು ಕಟ್ಟಿದ್ದು ಮೂರೇ ಸ್ವರ,
ಮೇಲೇರಿ, ಇಳಿಯಲಿಕ್ಕೆ ಮರೆತು ನಿಲ್ಲುವುದು.
ಅತ್ತಾವರದ ಆಸ್ಪತ್ರೆಯಲ್ಲಿ ರಾತ್ರಿಪಾಳಿಗೆ ಲಿಫ್ಟು ಕಾಯುತ್ತ
ನಾನದನ್ನು ಹತ್ತೊಂಬತ್ತು ವರ್ಷ ಗುನುಗಿದ್ದೇನೆ.

ಬಾಗಿಲು ನಾವು ನೋಡಿಯೇ ಇಲ್ಲ. ಅಷ್ಟರಲ್ಲಿ ರಿಂಗು ಸರಿಯಾಗಿತ್ತು.
ಕ್ಯಾಸೆಟ್ಟಿನ ಹೊದಿಕೆಯಲ್ಲಿ ಒಂದು ಬಾಗಿಲಿತ್ತು, ಅಷ್ಟೆ.

ಕೋಲು ಎದ್ದಿತು. ದೀಪ ಆರಿತು.
ಹಿಮ ಈ ಗೋಡೆಯಿಂದ ಆ ಗೋಡೆಗೆ ಬಿತ್ತು,
ಇಷ್ಟು ಅಗಲವೆಂದು ಯಾರಿಗೆ ಗೊತ್ತಿತ್ತು.
ಹುಡುಗಿ ತಿರುಗಿದಳು. ಎಡಗಡೆ,
ನಾಯಿ.

ಕಂದು ಬಣ್ಣದ್ದು, ಒಂದು ಕಿವಿ ಮಡಚಿದ್ದು.
ರೊಟ್ಟಿ ತಿಂದದ್ದು ಅದು.
ಅವಳು ಒಂದು ದಿನವೂ ಒಬ್ಬಳೇ ಇರಲಿಲ್ಲ.
ಅಲ್ಲಿಗೆ ಇಟ್ಟ ಸಂಗೀತವೋ, ಕೊಳಲುಗಳು ಬಾಲ ಅಲ್ಲಾಡಿಸುವಂಥದ್ದು,
ಬಾಲ್ಕನಿ ಪೂರಾ ನಕ್ಕಿತು. ನನಗೆ ಸಿಟ್ಟು ಬಂತು.
ನಮ್ಮ ಮೂರು ಸ್ವರ ಇನ್ನು ಎಲ್ಲಿಡಲಿ?

ಸಿಪ್ರಿಯನ್ನು ನೋಡಿದೆ. ಪರದೆಗೆ ಅವನ ಬೆನ್ನು.
ಟ್ಯೂಬಾಕ್ಕೆ ಅಲ್ಲಿ ಕೆಲಸವಿಲ್ಲ, ಮಡಿಲಲ್ಲಿಟ್ಟು ಕೂತಿದ್ದ.
ತುಟಿ ಅಲುಗುತ್ತಿತ್ತು. ಎಣಿಕೆಯೋ, ಹಲ್ಲಿನ ಸಂದಿಯ ಗಾಳಿಯೋ
ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ.
ಪಾಪ, ಈ ಸಲ ಸದ್ದು ಪೂರಾ ಸಿಕ್ಕಿದವನಿಗೆ ಚಿತ್ರವೇ ಇಲ್ಲ.

ಗೇಟಿನ ಹತ್ತಿರ ಕಾದೆ. ಟ್ಯೂಬಾವನ್ನು
ನಿದ್ದೆ ಹೋದ ಮಗುವಿನ ಹಾಗೆ ಎತ್ತಿಕೊಂಡು ಬಂದ.
"ಸಿಪ್ರಿ, ಆ ಪರದೆಯ ಹಿಂದೆ ನಾಯಿ ಇತ್ತು ಮಾರಾಯ."
"ಗೊತ್ತುಂಟು," ಎಂದ.
ಹದಿನೇಳನೇ ಪುಟದಲ್ಲಿ, ಸುಮ್ಮನೆ ಕೂರಬೇಕಾದ ಕಡೆ,
ಅವನಿಗಿಂತ ಮೊದಲು ಊದಿದ ಯಾರೋ ಬೇಸರಕ್ಕೆ
ಪೆನ್ಸಿಲಿನಲ್ಲಿ ನಾಯಿ ಬಿಡಿಸಿದ್ದಾರಂತೆ.
ಒಂದು ಕಿವಿ ಮಡಚಿದ್ದು.

ಸ್ಟೇಟ್‌ಬ್ಯಾಂಕಿನವರೆಗೆ ಮಾತಾಡದೆ ನಡೆದೆವು.
ಬಸ್ಸು ಬರುವಾಗ ಅವನೇ:
"ಮೇ ತಿಂಗಳಲ್ಲಿ ಬಾಗಿಲು ತರ್ತಾರಂತೆ.
ಆ ಮುಂಬಯಿಯವನಿಗೆ ಇನ್ನೊಮ್ಮೆ ಜ್ವರ ಬರ್ತದಾ ನೋಡುವ."