ಏಣಿ ಹತ್ತುವ ಕತ್ತೆ

ಭಾನುವಾರ ಸಂಜೆ ನಮ್ಮ ಬಾಂಡ್ಲಿಗಳು ತಣ್ಣಗಾಗುತ್ತವೆ.
ಶಿಡ್ಲಘಟ್ಟದ ಈ ಓಣಿಯಲ್ಲಿ
ಬೆಳಗಿನಿಂದ ಕಟಕಟ ಅನ್ನುತ್ತಿದ್ದ ಚರಕಗಳು ನಿಂತಾಗ
ಏನೋ ಕಳೆದುಹೋದ ಹಾಗಾಗುತ್ತೆ ಕಿವಿಗೆ, ಒಂದು ಗಳಿಗೆ.
ಇವರಿಗೆ ಹಾಗಾಗಲ್ಲ.
ಇಪ್ಪತ್ತೆರಡು ವರ್ಷ ಮೋಟರಿನ ಪಕ್ಕ ನಿಂತವರು;
ಅದು ಓಡಿದರೂ ಒಂದೇ, ನಿಂತರೂ ಒಂದೇ.

ಪಿಳ್ಳಪ್ಪಾ, ಅಂತ ಅವರಮ್ಮ ಕರೆದರೆ
ಮೂರನೇ ಸಲಕ್ಕೆ ತಿರುಗುತ್ತಾರೆ,
ಅದೂ ಹೆಗಲು ಮುಟ್ಟಿದ್ದಕ್ಕೆ.
ಚಿಕ್ಕಬಳ್ಳಾಪುರದ ಡಾಕ್ಟರು ಕೊಟ್ಟ ಕಿವಿ ಮಿಷನ್ನು
ನೂಲಿನ ಚೀಟಿಗಳ ಡಬ್ಬಿಯಲ್ಲಿದೆ.
ಹಾಕಿಕೊಂಡರೆ ಎಲ್ಲರ ಮಾತೂ
ಮೋಟರಿನ ಹಾಗೇ ಕೇಳಿಸುತ್ತಂತೆ.
ಸಿನಿಮಾ ಹಾಕಿದರೆ ನಮ್ಮ ಮುಖ ನೋಡುತ್ತಾ ಕೂರುತ್ತಾರೆ.
ನಾವು ನಕ್ಕ ಮೇಲೆ ನಗುತ್ತಾರೆ,
ಸಾಲ ತೀರಿಸುವವರ ಹಾಗೆ,
ತಡವಾಗಿ, ಸ್ವಲ್ಪ ಜಾಸ್ತಿಯೇ.

ಈ ಕತ್ತೆಯನ್ನು ಹುಡುಕಿದ್ದು ಮಗಳು ಹರ್ಷಿಣಿ.
ಬಣ್ಣದ ಕಾರ್ಟೂನು. ಒಂದು ಕತ್ತೆ, ಒಂದು ಏಣಿ,
ಮರದ ತುದಿಗೆ ಸಿಕ್ಕಿಕೊಂಡ ಹಸಿರು ಟೋಪಿ.
ಅಷ್ಟೇ ಕಥೆ. ಯಾರೂ ಬಾಯಿ ಬಿಡಲ್ಲ.
ಕತ್ತೆ ಒಂದು ಮೆಟ್ಟಿಲು ಹತ್ತಿದರೆ
ಏಣಿ ಒಂದು ಮೆಟ್ಟಿಲು ಮಣ್ಣಿಗಿಳಿಯುತ್ತೆ.
ಕತ್ತೆಗೆ ಗೊತ್ತಿಲ್ಲ.
ಬೆವರು ಒರೆಸಿಕೊಂಡು, ಕೆಳಗೆ ನೋಡದೆ,
ಹತ್ತುತ್ತಲೇ ಇರುತ್ತೆ, ಇದ್ದ ಜಾಗದಲ್ಲೇ.

ಅತ್ತೆ ಅಕ್ಕಯ್ಯಮ್ಮ ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ
"ಓರಿ ಗಾಡಿದಾ, ಕಿಂದ ಚೂಡ್ರಾ!" ಎಂದು ತೆಲುಗಿನಲ್ಲಿ ಬೈದರು.
ಒಳಗೆ ಬಾ ಅಂದರೂ ಬಾರದೆ
ಹೊಸ್ತಿಲಲ್ಲಿ ಕೂತಿದ್ದ ಪಕ್ಕದ ಮನೆ ತಬ್ರೇಜ್
ಕಡಲೆಕಾಯಿ ಸಿಪ್ಪೆ ಚೆಲ್ಲಿಕೊಂಡು ಒಳಕ್ಕೇ ಉರುಳಿದ.

ನಾನು ಇವರ ಕಡೆ ತಿರುಗಿದೆ, ಅಭ್ಯಾಸಬಲ.
ಬಿಡಿಸಿ ಹೇಳಬೇಕಲ್ಲ, ಕೈಸನ್ನೆ ಮಾಡಬೇಕಲ್ಲ.
ಇವರು ಆಗಲೇ ನಗುತ್ತಿದ್ದರು.
ಮರದ ಹಿಂದಿನಿಂದ ಒಂದು ಕೋಳಿ ಬಂದು
ಏಣಿಯ ಕಾಲು ಕುಕ್ಕುವುದನ್ನು
ಇವರೊಬ್ಬರೇ ನೋಡಿದ್ದರು.
ಬಿಸಿನೀರಲ್ಲಿ ಕುಣಿಯುವ ನೂರು ಗೂಡಿನ ನಡುವೆ
ಕೂದಲಿಗಿಂತ ತೆಳ್ಳಗಿನ ಎಳೆಯ ತುದಿ ಹಿಡಿಯೋ ಕಣ್ಣು,
ಅದಕ್ಕೊಂದು ಕೋಳಿ ತಪ್ಪುತ್ತಾ?

ಹೊಟ್ಟೆ ಹಿಡಿದು, ಚಾಪೆಗೆ ಗುದ್ದಿ,
ನೀರಲ್ಲಿ ನೆನೆದು ಬಿಳಿಚಿಕೊಂಡ ಬೆರಳು ತೋರಿಸಿ
"ಕೋಳಿ ನೋಡ್ರೋ, ಕೋಳಿ!" ಅಂತ ಕೂಗಿದರು.
ತಮ್ಮ ದನಿ ಎಷ್ಟು ಜೋರು ಅನ್ನೋದು ಇವರಿಗೆ ತಿಳಿಯಲ್ಲ.
ಎದುರುಮನೆ ನಾಯಿ ಎದ್ದು ಬೊಗಳಿತು.
ಕೋಳಿನಾ? ಎಲ್ಲಿ? ಎಂದು ನಾವು ನಾಲ್ವರೂ
ಟೀವಿಗೆ ಮೂಗು ತಾಗಿಸೋ ಹೊತ್ತಿಗೆ
ಏಣಿ ಬಿದ್ದು, ಟೋಪಿ ಕೋಳಿಯ ತಲೆ ಮೇಲೆ.
ಈ ಸಲ ತಡವಾಗಿ ನಕ್ಕವರು ನಾವು.

ಮತ್ತೆ ಹಾಕು ಅಂದರು. ಹಾಕಿದಳು.
ಹೇಳಿಕೊಡೋ ಕೆಲಸ ಈಗ ಇವರದು:
"ತಡಿ, ಈಗ ಬರುತ್ತೆ, ಎಡಗಡೆ, ಅಲ್ಲಲ್ಲ, ಎಡಗಡೆ ನೋಡು..."
ಒಳಗಿಂದ ಅನ್ನ ಸೀದ ವಾಸನೆ ಬಂತು.
ನಾನು ಏಳಲಿಲ್ಲ.
ಕತ್ತೆ ಇನ್ನೂ ಎರಡನೇ ಮೆಟ್ಟಿಲಲ್ಲಿತ್ತು.