ಸಹಿ ಹೊಂದುತ್ತಿಲ್ಲ

ಹನ್ನೊಂದು ವರ್ಷದಿಂದ ಮೂರನೇ ಕೌಂಟರಿನಲ್ಲಿ ಕೂತು
ಹೆಂಗಸರ ಚೆಕ್ಕು ವಾಪಸು ಮಾಡಿದವಳು ನಾನೇ.
'ಸಹಿ ಹೊಂದುತ್ತಿಲ್ಲ ಮೌಶಿ,
ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು.
ಮದುವೆ ಸರ್ಟಿಫಿಕೇಟು ತನ್ನಿ, ಅಫಿಡವಿಟ್ಟು ತನ್ನಿ,
ಗೆಜೆಟ್ಟು ತಂದರೆ ಇನ್ನೂ ಒಳ್ಳೆಯದು.'
ತಲೆ ಎತ್ತಿ ನೋಡಿದ್ದು ಕಡಿಮೆ.

ಮಜಗಾಂವಿನ ಮುದುಕಿಯೊಬ್ಬಳು.
ಮದುವೆಗೆ ಮುಂಚಿನ ಖಾತೆ, ಮುನ್ನೂರ ಹನ್ನೆರಡು ರೂಪಾಯಿ.
ಆ ಹೆಸರಿನ ಹುಡುಗಿ ನಾನೇ ಎನ್ನಲು
ಸಾಕ್ಷಿ ಯಾರೂ ಉಳಿದಿಲ್ಲ ಎಂದಳು.
ಫಾರ್ಮು ಕೊಟ್ಟು ಮುಂದಿನವರನ್ನು ಕರೆದೆ.

ಈಗ ನನ್ನ ಪಾಳಿ.

ಬರುವ ತಿಂಗಳು ದಾದರಿನ ಹಾಲಿನಲ್ಲಿ
ಮಿಲಿಂದ ಖೋಪ್ಕರನ ಜೊತೆ ಮದುವೆ.
ಅವರ ಮನೆಯಲ್ಲಿ ತಟ್ಟೆ ತುಂಬ ಅಕ್ಕಿ ಹರಡಿ
ಉಂಗುರದ ತುದಿಯಿಂದ ಗಂಡು ಹೊಸ ಹೆಸರು ಬರೆಯುತ್ತಾನಂತೆ.
'ಸಾನಿಕಾ ಅಂದುಕೊಂಡಿದ್ದೇವೆ' ಎಂದರು ಅವನ ತಾಯಿ,
ಸೀರೆಯ ಅಂಚು ಆರಿಸುವಷ್ಟು ಹಗುರಾಗಿ, ಪ್ರೀತಿಯಿಂದಲೇ.
'ವಾರಿಜಾ ಸ್ವಲ್ಪ ಹಳೇಕಾಲದ್ದು, ಅಲ್ಲವೇ?'
ನಡುವೆ ಮಿಲಿಂದ, ಕೊನೆಗೆ ಖೋಪ್ಕರ.
ಠಾಣೆ ಲೋಕಲ್ಲಿನ ಮೂವರ ಸೀಟಿನಲ್ಲಿ
ನಾಲ್ಕನೆಯವಳಾಗಿ ಅರ್ಧ ತೊಡೆ ಹೊರಗಿಟ್ಟು
ಕಂಬಿ ಹಿಡಿದು ಕೂತ ಹಾಗಾಯಿತು.

'ನಿನಗೆ ಬೇಕಾದ್ದು ಮಾಡು' ಎಂದ ಮಿಲಿಂದ.
ಒಳ್ಳೆಯವನು.
ಅವನು ಏನೂ ಮಾಡಬೇಕಿಲ್ಲ.

ಹೇಗೆ ಹೇಳಲಿ ಅವರಿಗೆ,
ಸಾಲ್ಯಾನ್ ನನ್ನ ಅಪ್ಪನ ಹೆಸರಲ್ಲ.
ಅಪ್ಪ ಕರ್ಕೇರ. ಸಸೂನ್ ಡಾಕಿನ ಬೋಟಿನಲ್ಲಿ
ಎಂಜಿನ್ ನೋಡಿಕೊಂಡಿದ್ದು, ಕರ್ಕೇರನಾಗಿಯೇ ಸತ್ತ.
ಸಾಲ್ಯಾನ್ ಅಮ್ಮನ ಬರಿ.
ಅಮ್ಮನಿಗೆ ಅವಳಮ್ಮನಿಂದ, ಅವಳಿಗೆ ಅವಳಮ್ಮನಿಂದ,
ಮಲ್ಪೆಯ ಹೊಯಿಗೆಯಲ್ಲಿ ಮೀನು ಒಣಗಿಸಿದವರ
ತಲೆಯಿಂದ ತಲೆಗೆ ಬುಟ್ಟಿ ಇಳಿಸಿ ಏರಿಸಿದ ಹಾಗೆ ಬಂದದ್ದು.
ಗಂಡುಮಕ್ಕಳು ಒಂದು ತಲೆಮಾರು ಹೊತ್ತು ಕೆಳಗಿಡುತ್ತಾರೆ,
ಅಷ್ಟೆ.

ಎರಡನೇ ಕ್ಲಾಸಿನಲ್ಲಿ ಟೀಚರು ಕೇಳಿದ್ದರು:
'ಅಪ್ಪ ಕರ್ಕೇರ, ನೀನು ಹೇಗೆ ಸಾಲ್ಯಾನ್? ದತ್ತು ಮಗಳಾ?'
ಮರುದಿನ ಅಮ್ಮ, ಸಿಗಡಿ ಸುಲಿಯುವುದು ಬಿಟ್ಟು,
ಕೈ ಕೂಡ ತೊಳೆಯದೆ ಶಾಲೆಗೆ ಬಂದಳು.
ಏನು ಹೇಳಿದಳೋ ತಿಳಿಯದು.
ಹಾಜರಿ ಪುಸ್ತಕದ ಆ ಪುಟ
ಪರೀಕ್ಷೆ ಮುಗಿಯುವವರೆಗೂ ನಾರುತ್ತಿತ್ತು.

ಬ್ಯಾಂಕಿನ ಕಾನೂನು ವಿಭಾಗದ ದಾರೂವಾಲಾ ಮೇಡಂ
ಕನ್ನಡಕ ಒರೆಸುತ್ತ ಹೇಳಿದರು:
'ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ…'
ಆ 'ಆದರೆ' ಚರ್ನಿ ರೋಡಿನ ಸರಕಾರಿ ಮುದ್ರಣಾಲಯದ ಸಾಲಿನಷ್ಟು ಉದ್ದ.
ಮನೆ ಸಾಲ, ಆಸ್ಪತ್ರೆಯ ಫಾರ್ಮು,
ಸೊಸೈಟಿಯ ವಾಚ್‌ಮನ್ ಕೂಡ ಬೋರ್ಡು ನೋಡಿ ಕೇಳುತ್ತಾನೆ,
ಇವರು ಯಾರು, ಬಾಡಿಗೆಯವರಾ?

ಅಮ್ಮನನ್ನು ಕೇಳಿದೆ. ಜಗಳ ಮಾಡುತ್ತಾಳೆಂದುಕೊಂಡಿದ್ದೆ.
'ಬದಲಿಸು, ಏನಂತೆ. ಬರಿ ಕಾಗದದಲ್ಲಿ ಇರುವುದಲ್ಲ.
ನಿನಗೆ ಮಗಳು ಹುಟ್ಟಿದರೆ ಅವಳು ಸಾಲ್ಯಾನೇ,
ಯಾರೂ ಬರೆಯದಿದ್ದರೂ.'
ಬೆಳ್ಳುಳ್ಳಿ ಸುಲಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು,
'ಅಲ್ಲ ಮಗಾ, ನನ್ನ ಖಾತೆಗೆ ನಾಮಿನಿ ನೀನಲ್ಲವಾ?
ನಾನು ಹೋದ ಮೇಲೆ ಸಾನಿಕಾ ಬಂದರೆ
ದುಡ್ಡು ಕೊಡುತ್ತಾರಾ ನಿಮ್ಮವರು?'

ಇವತ್ತು ಊಟದ ಹೊತ್ತಿಗೆ ರೆಕಾರ್ಡ್ ರೂಮಿಗಿಳಿದು
ದೂಳು ಕೊಡವಿ ಹುಡುಕಿದೆ.
ಸಿಕ್ಕಿತು, ಹಳದಿ ನಮೂನೆ ಸಹಿಯ ಕಾರ್ಡು:
ಹತ್ತೊಂಬತ್ತರ ಹುಡುಗಿ, ನೀಲಿ ಶಾಯಿ,
ಕೊನೆಯ ಅಕ್ಷರಕ್ಕೆ ಸುಮ್ಮನೆ ಒಂದು ಕೊಕ್ಕೆ.
ಮುದುಕಿಯ ಅರ್ಜಿಯನ್ನು ಪಕ್ಕಕ್ಕಿಟ್ಟೆ.
ಕೈ ನಡುಗಿದೆ, ಗೆರೆ ಜಾರಿದೆ, ಹೆಸರೇ ಬೇರೆ.
ಕೊಕ್ಕೆ ಅದೇ.

ಅರ್ಜಿಯಲ್ಲಿ ಫೋನ್ ನಂಬರಿತ್ತು.
ಆ ಕಡೆ ರಿಂಗಾಗುತ್ತಿದೆ.
ಎತ್ತಿದರೆ
ಯಾವ ಹೆಸರು ಹಿಡಿದು ಮಾತಾಡಿಸಲಿ?