ಎಡಗಾಲಿನ ಹಾಜರಿ

ದಾಖಲೆ ಕೋಣೆಯ ಕಾರಕೂನ ಕೇಳಿದ:
"ಜಾತಿ ಸರ್ಟಿಫಿಕೇಟಿಗೇನ್ರಿ?"
ಅಲ್ಲ ಅಂದೆ.
"ಹಂಗಾದ್ರ ಹೊಲದ ವ್ಯಾಜ್ಯ?"
ಹೊಲ ಇರಲಿಲ್ಲ ಅಂದೆ.
ಮೂರನೆಯ ಕಾರಣ ಅವನಿಗೆ ಗೊತ್ತಿರಲಿಲ್ಲ,
ಅರ್ಜಿಯಲ್ಲಿ ಅದಕ್ಕೆ ಖಾನೆಯೂ ಇರಲಿಲ್ಲ.
'ಇತರೆ' ಎಂಬಲ್ಲಿ ಗೀಟು ಹಾಕಿ
ಮುತ್ಯಾನ ಅಪ್ಪನ ಹೆಸರು ಬರೆದೆ: ಹುಸನಪ್ಪ.
ಕಸುಬು: ಬೂಟಿನ ಕಾರ್ಖಾನೆ, ಸ್ಟೇಷನ್ ಹಿಂದೆ.

ಸ್ಟೇಷನ್ ಹಿಂದೆ ಈಗ ಫಂಕ್ಷನ್ ಹಾಲು.
ಮದುವೆಯ ದಿನ ಬಾಗಿಲಲ್ಲಿ
ಐನೂರು ಜೋಡು ಒಂದರ ಮೇಲೊಂದು ಬಿದ್ದಿರುತ್ತವೆ;
ಊಟ ಮುಗಿಸಿದವರು ಒಂಟಿಕಾಲಲ್ಲಿ ಕುಂಟುತ್ತ
ತಮ್ಮದನ್ನು ಹುಡುಕುತ್ತಾರೆ.
ನಾನೂ ಹಾಗೇ ಹುಡುಕಿದ್ದೆ,
ಮೂರು ಕಲಬುರಗಿ ಬೇಸಿಗೆ.

ಕೈಯಲ್ಲಿದ್ದದ್ದು ತುಳಜಾ ಆಯಿ ಹೇಳಿದ ಎರಡೇ ಮಾತು.
ಆಯಿ ಅವನ ಕಡೇ ಮಗಳು, ತೊಂಬತ್ತೆರಡರವಳು.
"ಅಪ್ಪ ಎಡಗಾಲಿಂದಷ್ಟೇ ಹೊಲೀತಿದ್ದ ನೋಡು,
ಬಲಗಾಲಿಂದು ಬ್ಯಾರೆ ಸಾಲಿನವ್ರದ್ದು.
ಮಷೀನು ಅವನ ಹೆಬ್ಬಟ್ಟು ಅರ್ಧ ತಿಂದಿತ್ತು.
ಉಳಿದರ್ಧದಾಗ ನಮಗ ರೊಟ್ಟಿ ಮುರಿದು ಕೊಡ್ತಿದ್ದ."

ಏಳು ಬಸ್ತೆಯ ಕೆಂಪು ಬಟ್ಟೆ ಬಿಚ್ಚಿದರು.
ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು
ಎಷ್ಟೋ ಮಂದಿಯ ಪಗಾರ.
ಉಳಿದದ್ದೆಲ್ಲ ಉರ್ದು.
ನನ್ನ ಕಣ್ಣಿಗೆ ಅದು ಬರೀ ಹೊಲಿಗೆ,
ಒಂದೆಳೆ ಜಗ್ಗಿದರೆ ಪೂರ್ತಿ ಬಿಚ್ಚುವಂಥದು.

ಮೋಮಿನಪುರದಿಂದ ಖಾಲಿಖ್ ಮಾಸ್ತರರನ್ನು ಕರೆತಂದೆ;
ಜಗಳ ಮಾಡಿ ಆಟೋ ಬಾಡಿಗೆ ಅವರೇ ಕೊಟ್ಟರು.
ಚಷ್ಮಾ ಒರೆಸಿ, ಬೆರಳನ್ನು ಬಲದಿಂದ ಎಡಕ್ಕೆ ಸರಿಸುತ್ತ
ಓದಿದರು: ತಾರೀಖು, ಸಾಲು, ಹಾಜರಿ, ಜುರ್ಮಾನೆ.
ಹಣಮಂತ, ಮೋಚಿ. ಲಾಲಪ್ಪ, ಢೋರ.
ಹುಸನಪ್ಪ ಇಲ್ಲ.
ಮರುದಿನವೂ ಇಲ್ಲ.
ಮೂರನೆಯ ದಿನ ಒಬ್ಬ ಹುಸೇನ್ ಸಿಕ್ಕ.

"ಇಂವ ನಮ್ಮಾವ ಇರಬೇಕಮ್ಮಾ" ಅಂದರು ಮಾಸ್ತರರು.
ನಾನು ಸಹಿಯ ಖಾನೆ ನೋಡುತ್ತಿದ್ದೆ.
ಅಲ್ಲಿ ಸಾಲಾಗಿ ಹೆಬ್ಬಟ್ಟಿನ ಗುರುತು:
ಉಳಿದವರದೆಲ್ಲ ಇಡೀ ತೊಗರಿ ಕಾಳು,
ಇವನದು ಬ್ಯಾಳಿ.

ಅಲಾಯಿ ಪೀರರಿಗೆ ಹರಕೆ ಹೊತ್ತು ಹಡೆದ ಕೂಸಿಗೆ
ಅವರ ದೇವರದಷ್ಟು, ನಮ್ಮದಷ್ಟು ಕೂಡಿಸಿ
ಹೆಸರಿಟ್ಟಿದ್ದಳು ಅವನ ಅವ್ವ.
ಬರೆಯುವವನ ಟಾಕು 'ಅಪ್ಪ'ನನ್ನು ಬಿಟ್ಟುಕೊಟ್ಟಿತ್ತು,
ಅಟ್ಟೆಯ ಅಂಚು ಕತ್ತರಿಸಿ ಎಸೆದ ಹಾಗೆ.
ಇಬ್ಬರೂ ಸುಮ್ಮನಾದೆವು.
ಹೊರಗೆ ಯಾರೋ ಝೆರಾಕ್ಸ್ ಮಷೀನಿಗೆ ಬಡಿಯುತ್ತಿದ್ದರು.

ಬಲದಿಂದ ಎಡಕ್ಕೆ ನಡೆಯುವ ಆ ಲಿಪಿಯಲ್ಲಿ
ಸಾಲಿನ ತುದಿಗೆ ಅವನ ಕೆಲಸ: ಬಾಯಾಂ ಪಾವ್,
ಎಡಗಾಲು.
ಓದುವವರು ಕೊನೆಗೆ ಬಂದು ನಿಲ್ಲುವ ಜಾಗ.
ಯಾರ ಫೌಜು ಆ ಬೂಟಿನಲ್ಲಿ ನಡೆಯಿತೋ,
ಯಾವ ಊರಿನ ಯಾರ ಬಾಗಿಲು ಒದೆಯಿತೋ,
ಅದಕ್ಕೆ ಬಸ್ತೆಯಲ್ಲಿ ಖಾನೆಯಿಲ್ಲ.
ಒದೆಯುವುದು ಬಲಗಾಲು, ಅಂದುಕೊಂಡೆ.
ಹಾಗೆ ಅಂದುಕೊಂಡದ್ದು ನನ್ನ ಅನುಕೂಲಕ್ಕೆ.

ನಕಲು, ಹಾಳೆಗೆ ಹತ್ತು ರೂಪಾಯಿ.
ಕೈಗೆ ಬಂದದ್ದರಲ್ಲಿ ಹೆಬ್ಬಟ್ಟು ಬರೀ ಮಸಿ.
ಅಲ್ಲೇ ಕೂತು ಆಯಿಗೆ ಫೋನ್ ಹಚ್ಚಿದೆ.
ಸಿಕ್ಕ ಆಯಿ, ಎಡಗಾಲು ಖರೆ, ಹೆಬ್ಬಟ್ಟೂ ಖರೆ.
ಅಳುತ್ತಾಳೆ ಅಂದುಕೊಂಡಿದ್ದೆ.
"ಪಗಾರ ಎಷ್ಟು ಬರದಾರ?"
ದಿನಕ್ಕ ನಾಕಾಣೆ.
ಆ ಕಡೆ ಬಹಳ ಹೊತ್ತು ಫ್ಯಾನಿನ ಸದ್ದು.

"ನಾಕು? ಅವ್ವನ ಕೈಯಾಗ ಮೂರೇ ಹಾಕ್ತಿದ್ದ.
ಮೂರೇ ಅಂತ ನನ್ನ ತಲಿ ಮುಟ್ಟಿ ಆಣೆ ಮಾಡ್ತಿದ್ದ.
ಆ ಮಾಸ್ತರಗ ಇನ್ನೊಮ್ಮಿ ಓದಲಾಕ ಹೇಳು,
ಒಂದಾಣೆ ಎಲ್ಲಿ ಹೋತು?"

ಸ್ಪೀಕರಿನಲ್ಲಿ ಕೇಳಿಸಿಕೊಂಡ ಮಾಸ್ತರರು
ಚಷ್ಮಾ ಮತ್ತೆ ಏರಿಸಿ
ಜುರ್ಮಾನೆಯ ಖಾನೆಗೆ ಬೆರಳಿಟ್ಟರು.
ಅದು ಖಾಲಿಯಿತ್ತು.